ಕಲ್ಲಂಗಡಿ ಹೋಳು, ಐಸ್‌ಕ್ಯಾಂಡಿ, ಲೋಟ: ಪುಟ್ಟ ಕೈಗಳಿಗೆ ಬೇಸಿಗೆಯ ಒರಿಗಾಮಿ

ಪ್ರಶ್ನೆ: ನಮ್ಮ ಡೇ ಕೇರ್‌ನಲ್ಲಿ ಮೂರೂವರೆಯಿಂದ ಐದು ವರ್ಷದ ಹನ್ನೆರಡು ಮಕ್ಕಳಿದ್ದಾರೆ. ಒರಿಗಾಮಿ ಮಾಡಿಸಲು ಕೂತರೆ ಎರಡನೇ ಮಡಿಕೆಗೇ ಕಾಗದ ಸೊಟ್ಟಗಾಗಿ ಅಳು ಶುರುವಾಗುತ್ತದೆ. ಕೊನೆಗೆ ನಾವೇ ಮಡಿಸಿ ಕೊಡುತ್ತೇವೆ. ಬೇಸಿಗೆ ಶಿಬಿರಕ್ಕೆ ಯಾವುದರಿಂದ ಶುರು ಮಾಡೋಣ?
– ಶಿಕ್ಷಕಿ, ಜಯನಗರ

ಉತ್ತರ: ಮೊದಲ ದಿನ ದೋಣಿ ಬೇಡ. ದೋಣಿಯಲ್ಲಿ ಮೊದಲ ಮಡಿಕೆ ಮೂರು ಮಿಲಿಮೀಟರ್ ತಪ್ಪಿದರೂ ಆ ತಪ್ಪು ಮುಂದಿನ ಪ್ರತಿ ಮಡಿಕೆಗೂ ಸೇರುತ್ತಾ ಹೋಗುತ್ತದೆ. ಸ್ವಲ್ಪ ಸೊಟ್ಟಗಾದರೂ ಚೆಂದವಾಗಿಯೇ ಕಾಣುವ ವಸ್ತು ಬೇಕು. ಅದಕ್ಕೆ ಕಲ್ಲಂಗಡಿ ಹೋಳಿನಷ್ಟು ಒಳ್ಳೆಯದು ಬೇರೆ ಇಲ್ಲ: ಮೂರೇ ಮಡಿಕೆ.

ಒಂದು ಬದಿ ಕೆಂಪು, ಹಿಂಬದಿ ಬಿಳಿ ಇರುವ ಕಾಗದವನ್ನು 15 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರಕ್ಕೆ ಕತ್ತರಿಸಿಟ್ಟುಕೊಳ್ಳಿ. ಕೆಂಪು ಬದಿಯಲ್ಲಿ, ಕೆಳ ಅಂಚಿನಿಂದ 3 ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆದುಕೊಡಿ. ಮಗು ಕೆಳಗಿನ ಅಂಚನ್ನು ಎತ್ತಿ ಆ ಗೆರೆಗೆ ತಾಗಿಸಿ ಮಡಿಸಿದರೆ ಒಂದೂವರೆ ಸೆಂ.ಮೀ.ನ ಬಿಳಿ ಪಟ್ಟಿ ಕಾಣುತ್ತದೆ. ಅದಕ್ಕೆ ಹಸಿರು ಕ್ರೇಯಾನ್ ಬಳಿದರೆ ಸಿಪ್ಪೆ. ಈಗ ಪಟ್ಟಿ ಕೆಳಗೇ ಇರುವಂತೆ ಕಾಗದವನ್ನು ಮಗುಚಿ, ಕೆಳ ಅಂಚಿನ ನಡುವೆ ಒಂದು ಚುಕ್ಕೆ ಇಡಿ. ಮೇಲಿನ ಎರಡು ಮೂಲೆಗಳೂ ಆ ಚುಕ್ಕೆಯ ಹತ್ತಿರ ಬಂದು ಕೂರಬೇಕು. ಅಂಟು ಹಚ್ಚಿ, ತಿರುಗಿಸಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬೀಜ. ಪಟ್ಟಿ ಕಿರಿದಾದರೆ ತೊಂದರೆಯಿಲ್ಲ. ತೀರಾ ಅಗಲವಾದರೆ ಮಾತ್ರ ಹಿಂದಿನ ಮೂಲೆಗಳು ಸಿಪ್ಪೆಯ ಕೆಳಗೆ ಇಣುಕುತ್ತವೆ. ಅವನ್ನು ಒಳಕ್ಕೆ ಮಡಿಸಿದರಾಯಿತು.

ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಗೆರೆ ತೀಡುವ ರೀತಿ. ಮಕ್ಕಳು ಒಂದು ತುದಿಯಿಂದ ಒತ್ತುತ್ತಾ ಬರುತ್ತಾರೆ, ಅಷ್ಟರಲ್ಲಿ ಇನ್ನೊಂದು ತುದಿ ಜಾರಿರುತ್ತದೆ. ಅಂಚು ಗೆರೆಗೆ ಸೇರಿದ ಮೇಲೆ ಒಂದು ಅಂಗೈಯನ್ನು ಕಾಗದದ ಮೇಲೆ ಚಪ್ಪಟೆಯಾಗಿ ಊರಿಸಿ. ಇನ್ನೊಂದು ಕೈಯ ಬೆರಳು ಮಡಿಕೆಯ ನಡುವೆ ಒತ್ತಿ, ಅಲ್ಲಿಂದ ಆಚೆಗೊಮ್ಮೆ, ಈಚೆಗೊಮ್ಮೆ ಸರಿಯಲಿ. ಯಾವಾಗಲೂ ತನ್ನ ಕಡೆಯ ಅಂಚನ್ನೇ ಎತ್ತಿ ಆಚೆಗೆ ಮಡಿಸಬೇಕು. ಆಗ ಎರಡು ಅಂಚು ಸೇರುವ ಜಾಗ ಮಗುವಿನ ಕಣ್ಣೆದುರೇ ಇರುತ್ತದೆ. ದಯವಿಟ್ಟು ಅದರ ಕೈಯಿಂದ ಕಾಗದ ಕಿತ್ತುಕೊಂಡು ಸರಿಮಾಡಬೇಡಿ. ನಿಮ್ಮ ಕೈಯಲ್ಲಿ ಇನ್ನೊಂದು ಕಾಗದ ಹಿಡಿದು, ಪಕ್ಕದಲ್ಲಿ ಕೂತು, ಅದೇ ದಿಕ್ಕಿನಲ್ಲಿ ಮಡಿಸಿ ತೋರಿಸಿ. ಎದುರು ಕೂತರೆ ಎಡ–ಬಲ ಅದಲುಬದಲಾಗುತ್ತದೆ. ಹನ್ನೆರಡು ಮಕ್ಕಳನ್ನೂ ಒಟ್ಟಿಗೆ ಕೂರಿಸದೆ ನಾಲ್ಕು ನಾಲ್ಕಾಗಿ ಕರೆಯಿರಿ.

ಪ್ರಶ್ನೆ: ಒರಿಗಾಮಿ ಕಾಗದ ದುಬಾರಿ. ಮನೆಯಲ್ಲಿ ಎ4 ಹಾಳೆಗಳಿವೆ. ಅದರಲ್ಲೇ ನೀರು ಕುಡಿಯುವ ಲೋಟ ಮಾಡಿಸಬಹುದೇ?
– ಪೋಷಕರು, ಮಲ್ಲೇಶ್ವರ

ಉತ್ತರ: ಧಾರಾಳವಾಗಿ. 70–80 ಜಿಎಸ್‌ಎಂನ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಜೆರಾಕ್ಸ್ ಹಾಳೆ ಪುಟ್ಟ ಬೆರಳಿಗೆ ಹೇಳಿ ಮಾಡಿಸಿದಂತಿದೆ. ಗ್ಲೇಸ್ ಕಾಗದ ಜಾರುತ್ತದೆ, ಚಾರ್ಟ್ ಪೇಪರ್ ಮಡಿಕೆಯಲ್ಲಿ ನಿಲ್ಲುವುದಿಲ್ಲ. ಲೋಟ ಮಾತ್ರ ಐದರ ಆಸುಪಾಸಿನ ಮಕ್ಕಳಿಗೆ.

ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಕತ್ತರಿಸಿದರೆ 8.7 ಸೆಂ.ಮೀ. ಅಗಲದ ಪಟ್ಟಿ ಉಳಿಯುತ್ತದೆ. ಎಸೆಯಬೇಡಿ, ಅದೇ ನಿಮ್ಮ ಅಳತೆಗೋಲು. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿ; ಮಡಿಕೆ ಕೆಳಗೆ, ತುದಿ ಮೇಲೆ. ತುದಿಯಿಂದ ಎರಡೂ ಓರೆ ಅಂಚುಗಳ ಮೇಲೆ ಪಟ್ಟಿಯ ಅಗಲದಷ್ಟು, ಅಂದರೆ 8.7 ಸೆಂ.ಮೀ. ದೂರಕ್ಕೆ ಒಂದೊಂದು ಚುಕ್ಕೆ ಇಡಿ. ಎಡ ಮೂಲೆ ಬಲಗಡೆಯ ಚುಕ್ಕೆಗೆ, ಬಲ ಮೂಲೆ ಎಡಗಡೆಯ ಚುಕ್ಕೆಗೆ. ಮೇಲೆ ಉಳಿದ ಎರಡು ಪದರಗಳಲ್ಲಿ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಡಿಸಿ, ಬಾಯಿ ಅಗಲಿಸಿದರೆ ಲೋಟ. ಚುಕ್ಕೆ ಇಲ್ಲದೆ ಅಂದಾಜಿಗೆ ಮಡಿಸಿದರೆ ಬಾಯಿ ಓರೆಯಾಗುತ್ತದೆ. 15 ಸೆಂ.ಮೀ. ಚೌಕವಾದರೆ ಚುಕ್ಕೆ 6.2 ಸೆಂ.ಮೀ.ಗೆ.

ನೀರು ಹಾಕಿದ ಕೂಡಲೇ ಕುಡಿದುಬಿಡಬೇಕು, ಇಟ್ಟರೆ ತಳ ಮೆತ್ತಗಾಗುತ್ತದೆ. ಕಡ್ಲೆಪುರಿ ಹಾಕಿಕೊಟ್ಟರೆ ಇನ್ನೂ ಚೆನ್ನ. ಬಣ್ಣದ ಕಾಗದ ಬೇಡ, ನೆಂದರೆ ಬಣ್ಣ ಬಿಡಬಹುದು. ನ್ಯೂಸ್ ಪೇಪರ್ ಅಂತೂ ಬೇಡವೇ ಬೇಡ: ಆಹಾರ ಕಟ್ಟಲು, ಇಡಲು ಅದನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳೇ ಹೇಳುತ್ತವೆ.

ಪಟ್ಟಿಯ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಉದ್ದ ಅರ್ಧವಾಗುವಂತೆ ಅಡ್ಡಕ್ಕೆ ಮಡಿಸಿ, ಮಡಿಕೆ ಮೇಲಿರುವಂತೆ ಹಿಡಿದು, ಮೇಲಿನ ಎರಡು ಮೂಲೆಗಳನ್ನು ಒಂದೂವರೆ ಸೆಂ.ಮೀ. ಹಿಂದಕ್ಕೆ ಮಡಿಸಿ. ಪದರಗಳ ನಡುವೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಅಂಟಿಸಿದರೆ ಐಸ್‌ಕ್ಯಾಂಡಿ. ಮೂರು ವರ್ಷದವರೂ ಮಾಡುತ್ತಾರೆ.

ಪ್ರಶ್ನೆ: ಏಪ್ರಿಲ್ ಸೆಕೆಗೆ ಫ್ಯಾನ್ ಹಾಕಿದರೆ ಕಾಗದ ಹಾರುತ್ತದೆ, ಆರಿಸಿದರೆ ಮಕ್ಕಳ ಕೈ ಬೆವರುತ್ತದೆ. ಏನು ಮಾಡುವುದು?
– ಬೇಸಿಗೆ ಶಿಬಿರದ ಸಹಾಯಕಿ, ವಿಜಯನಗರ

ಉತ್ತರ: ಬೆಳಗ್ಗೆ ಹತ್ತರೊಳಗೆ ಮುಗಿಸಿ, ಹದಿನೈದು ನಿಮಿಷ ಸಾಕು. ಫ್ಯಾನ್ ನಿಧಾನಕ್ಕೆ ತಿರುಗಲಿ. ಮಡಿಸದೆ ಉಳಿದ ಹಾಳೆಗಳು ಮುಚ್ಚಳದ ಡಬ್ಬಿಯಲ್ಲಿರಲಿ. ಒಬ್ಬರಿಗೆ ಒಂದೇ ಹಾಳೆ ಕೊಡಿ. ಕೈ ಒರೆಸಲು ಹತ್ತಿ ಬಟ್ಟೆ ಪಕ್ಕದಲ್ಲಿರಲಿ, ಒದ್ದೆ ಬೆರಳು ತಾಗಿದ ಮಡಿಕೆ ಹರಿಯುತ್ತದೆ.

ಪ್ರಶ್ನೆ: ಎರಡು ವರ್ಷದ ಮಗುವಿಗೆ ಏನಾದರೂ ಹೇಳಿಕೊಡಬಹುದೇ?
– ತಾಯಿ, ಬನಶಂಕರಿ

ಉತ್ತರ: ಒಂದೇ ಮಡಿಕೆ. ಬಿಳಿ ಹಾಳೆಯನ್ನು ಅರ್ಧಕ್ಕೆ ಮಡಿಸಿ, "ಪುಸ್ತಕ" ಎಂದು ತೆರೆದು ಮುಚ್ಚಲಿ. ಒಳಗೆ ಹಳದಿ ಕ್ರೇಯಾನಿನಲ್ಲಿ ನೀವೊಂದು ಸೂರ್ಯ ಬರೆದಿಡಿ. ಅದನ್ನು ಬಚ್ಚಿಟ್ಟು, ಮತ್ತೆ ಹುಡುಕುವುದೇ ಆ ವಯಸ್ಸಿನ ಆಟ. ಕಾಗದ ಬಾಯಿಗೆ ಹೋಗುವ ವಯಸ್ಸಾದ್ದರಿಂದ ಪಕ್ಕದಿಂದ ಏಳಬೇಡಿ.