ಕಷ್ಟ ಬಂದಾಗ ಕ್ರೈಸ್ತ ನಂಬಿಕೆ ನಿಜಕ್ಕೂ ಏನಾದರೂ ಬದಲಿಸುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಜೊತೆಗೆ ಕೆಲಸ ಮಾಡುವ ಗೆಳೆಯ ಕ್ರೈಸ್ತ. ಅವನ ತಮ್ಮ ತೀರಿಕೊಂಡು ಎರಡು ತಿಂಗಳಾಯಿತು. "ದೇವರ ಚಿತ್ತ" ಅಂತ ಒಂದೇ ಮಾತು ಹೇಳಿ ಕೆಲಸಕ್ಕೆ ಬರುತ್ತಿದ್ದಾನೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಈ ನಂಬಿಕೆ ಕಷ್ಟವನ್ನು ನೋಡುವ ರೀತಿಯನ್ನು ನಿಜವಾಗಿ ಬದಲಿಸುತ್ತಾ, ಇಲ್ಲಾ ಸುಮ್ನೆ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನವಾ ಅಂತ ಕೇಳಿದ್ದೀರಿ.

ನಿಮ್ಮ ಗೆಳೆಯನ ಮನಸ್ಸಿನಲ್ಲಿ ಏನಿದೆಯೋ ನಾನು ಹೇಳಲಾರೆ. ನನ್ನದು ಹೇಳುತ್ತೇನೆ.

ನಾನು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವಳು. ಕುಬಸ, ಅಂದರೆ ರವಿಕೆ, ಹೊಲಿಯುವುದು ನನ್ನ ಕೆಲಸ. ಇಳಕಲ್ ಸೀರೆಗೆ ಜೋಡಿಯಾಗುವ ನಮ್ಮೂರ ಖಣ, ಕುಬಸದ ಬಟ್ಟೆ, ನೀವು ನೋಡಿರಬಹುದು. ಅಪ್ಪ ಅದನ್ನು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1851ರಲ್ಲಿ ನಮ್ಮೂರಿಗೆ ಬಂದರು. ಈಗ ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮ ಮನೆತನ ಸಭೆಗೆ ಸೇರಿದ್ದು ಬರಗಾಲದಲ್ಲಿ ಅಂತ ಅಜ್ಜಿ ಹೇಳುತ್ತಿದ್ದಳು. 1876ರಿಂದ 78ರ ತನಕ ಇದ್ದ ದೊಡ್ಡ ಬರ. ಆಗ ನಮ್ಮದು ಕಲಾದಗಿ ಜಿಲ್ಲೆ. ಮಗಳು ಹಳೇ ಗೆಜೆಟಿಯರ್ ತೆಗೆದು ತೋರಿಸಿದಳು: 1872ರ ಜನಗಣತಿಯಲ್ಲಿ ಇದ್ದಷ್ಟು ಜನ 1881ರದ್ದರಲ್ಲಿ ಇರಲಿಲ್ಲ. ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಸತ್ತವರು, ಗುಳೆ ಹೋದವರು ಎಲ್ಲ ಸೇರಿ.

ಶಾಲೆಯಲ್ಲಿ ಯಾರೋ "ಗಂಜಿಗೆ ಧರ್ಮ ಬಿಟ್ಟವರು" ಅಂದಿದ್ದಕ್ಕೆ ಅಳುತ್ತಾ ಮನೆಗೆ ಬಂದಿದ್ದೆ. ಅಜ್ಜಿ ರೊಟ್ಟಿ ಬಡಿಯೋದು ನಿಲ್ಲಿಸಲೂ ಇಲ್ಲ. "ಹೌದು, ಗಂಜಿಗೇ ಬಂದೇವಿ. ಹಸದಾಗ ಕೊಟ್ಟವ ಯಾರು ಅಂತ ಕೇಳಿದ್ರ ತಪ್ಪೇನ?" ಅಂದಳು. ಹೀಗೆ ನಮ್ಮ ಮನೆಗೆ ಕಷ್ಟ ಮತ್ತು ನಂಬಿಕೆ ಒಂದೇ ಬಾಗಿಲಿನಿಂದ ಬಂದವು.

ಆದರೆ ಅಜ್ಜಿಯ ಕಷ್ಟ ಅಜ್ಜಿಯದು. ನನ್ನದು ಶುರುವಾಗಿದ್ದು 2017ರಲ್ಲಿ. ನಮ್ಮ ಮನೆಯವರ ಎರಡೂ ಕಿಡ್ನಿ ಕೈಕೊಟ್ಟವು. ಮೊದಲು ವಾರಕ್ಕೆ ಎರಡು ಸಲ, ಆಮೇಲೆ ಮೂರು ಸಲ ಡಯಾಲಿಸಿಸ್. ಬೆಳಗಿನ ಬಸ್ಸು ಹಿಡಿದು ಬಾಗಲಕೋಟೆಗೆ ಹೋಗುವುದು, ನಾಲ್ಕು ತಾಸು ಯಂತ್ರದ ಪಕ್ಕ ಮಲಗುವುದು, ಸುಸ್ತಾಗಿ ತಿರುಗಿ ಬರುವುದು. ಬಸ್ಸಿನಲ್ಲಿ ಕೂತೇ ಎಷ್ಟೋ ಕುಬಸಕ್ಕೆ ಹುಕ್ಕು ಹಚ್ಚಿದ್ದೇನೆ.

ಸೂಜಿ ಚುಚ್ಚುವುದೇ ದೊಡ್ಡ ಕಷ್ಟ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅಲ್ಲ. ದೊಡ್ಡ ಕಷ್ಟ ನೀರು. ಮೂತ್ರ ಹೋಗುವುದಿಲ್ಲವಲ್ಲ, ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಮೊದಲು ಕಾಲು ಬಾಯುತ್ತದೆ, ಜಾಸ್ತಿಯಾದರೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಡಾಕ್ಟರು ದಿನಕ್ಕೆ ಒಂದು ಲೀಟರ್ ಅಂತ ಹೇಳಿದ್ದರು. ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಬರಬೇಕು. ಎಳನೀರಂತೂ ಮುಟ್ಟುವ ಹಾಗೇ ಇಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ನಲವತ್ತು ಡಿಗ್ರಿ ಅಂದರೆ ಸಾಧಾರಣ ದಿನ. ಬೆಳಿಗ್ಗೆ ಒಂದು ಬಾಟಲಿ ತುಂಬಿ ಇಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವರು ಆ ಬಾಟಲಿಯನ್ನು ನೋಡುತ್ತಿದ್ದ ರೀತಿ ಇನ್ನೂ ಕಣ್ಣಮುಂದೆ ಇದೆ. ಬಾಯಿಗೆ ಐಸಿನ ಚೂರು ಕೊಡುತ್ತಿದ್ದೆ. ಅದಕ್ಕೂ ಲೆಕ್ಕ.

ಇದರ ಮೇಲೆ ಜನರ ಮಾತು. ಬಂದವರು "ಹಣೆಬರಹ ತಂಗಿ, ಏನ್ ಮಾಡೂದು" ಅನ್ನುತ್ತಿದ್ದರು. ಕೆಲವರು "ಯಾವ ಕರ್ಮವೋ" ಅಂತ ದನಿ ತಗ್ಗಿಸಿ ಅನ್ನುತ್ತಿದ್ದರು. ಅದು ಅಷ್ಟು ನೋಯಿಸಲಿಲ್ಲ. ನೋಯಿಸಿದ್ದು ನಮ್ಮ ಕ್ರೈಸ್ತರದೇ ಮಾತು. ಒಂದು ಪ್ರಾರ್ಥನೆ ಕೂಟಕ್ಕೆ ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ನಮ್ಮ ಮನೆಯವರ ತಲೆ ಮೇಲೆ ಕೈ ಇಟ್ಟು, ಪೂರ್ಣ ವಿಶ್ವಾಸ ಇದ್ದಿದ್ದರೆ ಈ ಯಂತ್ರ ಬೇಕಾಗುತ್ತಿರಲಿಲ್ಲ ಅಂತ ಎಲ್ಲರೆದುರು ಹೇಳಿಬಿಟ್ಟರು. ಪಾಪ, ಇವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಮುಂದಿನ ಡಯಾಲಿಸಿಸ್ ತಪ್ಪಿಸಿದರು. ರಾತ್ರಿ ಹನ್ನೊಂದಕ್ಕೆ ಉಸಿರು ಸಿಗದೆ ಎದ್ದು ಕೂತರು. ಟಂಟಂ ಗಾಡಿ ಮಾಡಿಕೊಂಡು ಬಾಗಲಕೋಟೆಗೆ ಓಡಿದೆವು. ಆ ರಾತ್ರಿಯ ಸಿಟ್ಟು ನನಗೆ ಪೂರ್ತಿ ಇಳಿದಿಲ್ಲ.

ಎರಡು ದಿನ ಬಿಟ್ಟು ನಮ್ಮ ಸಭಾಪಾಲಕರು ಮನೆಗೆ ಬಂದರು. ಸುದ್ದಿ ಕೇಳಿಕೊಂಡೇ ಬಂದಿದ್ದರು. ಸತ್ಯವೇದ ತೆರೆದು ಒಂದೊಂದೇ ತೋರಿಸಿದರು. ಯೇಸುವಿನ ಮಾತು ಸಾರುತ್ತಾ ತಿರುಗಿದ ಪೌಲನ ಶಿಷ್ಯ ತಿಮೊಥೆಯನಿಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು. ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲ ಪತ್ರ ಬರೆದ. ನಿನ್ನ ವಿಶ್ವಾಸ ಸಾಲದು ಅಂತ ಬರೆಯಲಿಲ್ಲ. ತ್ರೊಫಿಮ ಅನ್ನುವ ಜೊತೆಗಾರನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಸ್ವತಃ ಪೌಲನ ಮೈಯಲ್ಲೇ ಒಂದು ಮುಳ್ಳು ಇತ್ತು, ಅದನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ, ದೇವರು ತೆಗೆಯಲಿಲ್ಲ. "ಪೌಲಗ ವಿಶ್ವಾಸ ಕಡಿಮಿ ಇತ್ತೇನ್ರಿ?" ಅಂತ ನಮ್ಮವರನ್ನು ಕೇಳಿದರು. ಆಮೇಲೆ, "ನಾಳೆ ಡಯಾಲಿಸಿಸ್‌ಗೆ ಹೋಗೂದು. ನಾನೂ ಬರ್ತೀನಿ" ಅಂದರು. ಬಂದರು ಕೂಡ. ನಾಲ್ಕು ತಾಸು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

ಅವತ್ತೇ ಅವರು ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ಓದಿದ್ದು. ಚಿಕ್ಕಂದಿನಿಂದ ಕೇಳಿದ ಕಥೆ. ಒಬ್ಬ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ: ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾನೆ ಯೇಸು. ದೇವರ ಕೆಲಸ ಇವನಲ್ಲಿ ಕಾಣಲಿ ಅಂತ ಹೀಗಾಯಿತು ಅಂತಲೂ ಹೇಳುತ್ತಾನೆ. ಆ ಉಳಿದರ್ಧ ಮಾತು ನನಗೆ ಈಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲರ್ಧ ನನ್ನ ಜೀವ ಉಳಿಸಿತು.

ಯಾಕೆಂದರೆ ಅಲ್ಲಿಯವರೆಗೆ ರಾತ್ರಿಯೆಲ್ಲ ಮಲಗಿ ಲೆಕ್ಕ ಹಾಕುತ್ತಿದ್ದೆ. ಅತ್ತೆಯ ಜೊತೆ ಜಗಳ ಆಡಿದ್ದಕ್ಕಾ? ಗಿರಾಕಿಗಳ ಖಣದಲ್ಲಿ ಉಳಿದ ತುಂಡು ಇಟ್ಟುಕೊಂಡಿದ್ದಕ್ಕಾ? (ಟೇಲರುಗಳೆಲ್ಲ ಇಟ್ಟುಕೊಳ್ಳುತ್ತಾರೆ, ಆ ಮಾತು ಬೇರೆ.) ದೇವರು ಖಾತೆ ಪುಸ್ತಕ ಹಿಡಿದು ಕೂತ ಸಾಹುಕಾರ ಅನ್ನುವಂತೆ ಬದುಕುತ್ತಿದ್ದೆ. ಅದೂ ನಮ್ಮದೇ ನಂಬಿಕೆ ಅಂತ ತಿಳಿದುಕೊಂಡು! ಅವತ್ತು ಆ ಪುಸ್ತಕ ಮುಚ್ಚಿತು. ಕಾಯಿಲೆ ಕಾಯಿಲೆಯಾಗಿ ಉಳಿಯಿತು, ಶಿಕ್ಷೆ ಅನ್ನುವ ಹೆಸರು ಕಳಚಿ ಬಿತ್ತು. ಬಹಳ ದಿನದ ಮೇಲೆ ನಿದ್ದೆ ಬಂತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರದಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು ನಮ್ಮ ಮನೆಯವರದು.

2019ರ ಶುಭ ಶುಕ್ರವಾರ (ಗುಡ್ ಫ್ರೈಡೇ), ಏಪ್ರಿಲ್ 19. ಅವತ್ತು ಹನ್ನೆರಡರಿಂದ ಮೂರರ ತನಕ ಆರಾಧನೆ ಇರುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಒಬ್ಬೊಬ್ಬರು ಒಂದೊಂದು ಪ್ರಸಂಗ ಮಾಡುತ್ತಾರೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬಿಸಿ. ಇವರು ಆಚೆ ಗಂಡಸರ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವತ್ತಿನ ನೀರು ಆಗಲೇ ಅರ್ಧ ಮುಗಿದಿತ್ತು. ಐದನೇ ಮಾತು ಬಂತು: ನನಗೆ ನೀರಡಿಕೆಯಾಗಿದೆ. ಪ್ರಸಂಗ ಮಾಡಿದವರು ವಿದ್ಯಾವಂತರು. ಇದು ಸಾಮಾನ್ಯ ನೀರಡಿಕೆಯಲ್ಲ, ಲೋಕದ ಆತ್ಮಗಳ ರಕ್ಷಣೆಗಾಗಿ ಆದ ದಾಹ ಅಂತ ಚೆನ್ನಾಗಿ ವಿವರಿಸಿದರು. ನಾನು ಇವರ ಕಡೆ ನೋಡಿದೆ. ಇವರು ಕಣ್ಣು ಮುಚ್ಚಿ ತುಟಿ ಒರೆಸಿಕೊಳ್ಳುತ್ತಿದ್ದರು.

ಮನೆಗೆ ಬರುವಾಗ ದಾರಿಯಲ್ಲಿ ಅಂದರು: "ಅಯ್ನಾರು ಅದೇನೋ ಆತ್ಮದ ನೀರಡಿಕಿ ಅಂದ್ರು. ಅಲ್ಲ. ಬಿಸಲಾಗ ನಿಲ್ಸಿದ್ರು, ರಕ್ತ ಹೋಗಿತ್ತು. ಅದು ನೀರಿನ ನೀರಡಿಕಿನ. ನನಗ ಗೊತ್ತಾಗತೈತಿ."

ದೇವಶಾಸ್ತ್ರ ಓದಿದವರು ಏನಾದರೂ ಅನ್ನಲಿ. ನನಗೆ ಇದಕ್ಕಿಂತ ದೊಡ್ಡ ಪ್ರಸಂಗ ಬೇಡ. ಅವತ್ತಿನಿಂದ ನೀರೇನೂ ಜಾಸ್ತಿಯಾಗಲಿಲ್ಲ, ಅದೇ ಒಂದು ಲೀಟರ್. ಸಿಟ್ಟು ಬಂದು ಬಾಟಲಿ ಎಸೆದ ದಿನಗಳು ಆಮೇಲೂ ಇದ್ದವು. ಆದರೆ ಐಸಿನ ಚೂರು ಬಾಯಿಗೆ ಹಾಕಿಕೊಳ್ಳುವಾಗ ಒಮ್ಮೊಮ್ಮೆ ನಗುತ್ತಿದ್ದರು. "ಯೇಸುಗ ಹುಳಿ ರಸ ಕೊಟ್ಟಿದ್ರು. ನನ್ನದು ಭಾಳ ಚಲೋ ಐತಿ, ಐಸ್ ಐತಿ" ಅಂತ. ತನ್ನ ನೀರಡಿಕೆ ಗೊತ್ತಿರುವವನು ಒಬ್ಬ ಮೇಲಿದ್ದಾನೆ ಅನ್ನೋದು ಅವರಿಗೆ ಸಾಕಾಗಿತ್ತು. ಯಾಕೆ ಹೀಗಾಯಿತು ಅಂತ ಅವರು ಆಮೇಲೆ ಕೇಳಿದ್ದು ನನಗೆ ನೆನಪಿಲ್ಲ. ನಾನು ಮಾತ್ರ ಕೇಳುತ್ತಲೇ ಇದ್ದೆ.

"ದೇವರ ಚಿತ್ತ" ಅನ್ನುವ ಮಾತಿಗೆ ಬರುತ್ತೇನೆ. ಆ ಮಾತು ನಮ್ಮಲ್ಲಿ ಬಹಳ ಬೇಗ ಬಾಯಿಗೆ ಬರುತ್ತದೆ, ಅದು ನನಗೆ ಇಷ್ಟವಿಲ್ಲ. ಯೇಸುವೇ ಅದನ್ನು ಅಷ್ಟು ಸಲೀಸಾಗಿ ಹೇಳಲಿಲ್ಲ. ಶಿಲುಬೆಗೆ ಏರುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನೆಲಕ್ಕೆ ಬಿದ್ದು, ಸಾಧ್ಯವಾದರೆ ಈ ಕಷ್ಟದ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡ ಮೇಲೆ ನಿನ್ನ ಚಿತ್ತ ಅಂದದ್ದು. ಅದೂ ಮೂರು ಸಲ ಹೋಗಿ ಪ್ರಾರ್ಥಿಸಿದ. ಸತ್ಯವೇದದಲ್ಲಿ ಒಂದರ ಮೇಲೊಂದು ಕಷ್ಟ ಕಂಡ ಯೋಬನಂತೂ ದೇವರ ಜೊತೆ ಕೋರ್ಟಿನಲ್ಲಿ ವಾದಿಸಿದ ಹಾಗೆ ವಾದಿಸಿದ. ಕೊನೆಗೆ ದೇವರು ಸಿಟ್ಟಾಗಿದ್ದು ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಅವನ ಗೆಳೆಯರ ಮೇಲೆ. ಕೀರ್ತನೆಗಳಲ್ಲಿ 88ನೆಯದು ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ಇಂಥದ್ದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ ಅಂದ ಮೇಲೆ, ಬೈಯುವುದೂ ಪ್ರಾರ್ಥನೆಯೇ ಅಂತ ನಾನು ತಿಳಿದುಕೊಂಡಿದ್ದೇನೆ. ಬಾಗಲಕೋಟೆ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅಂಥ ಪ್ರಾರ್ಥನೆ ಬಹಳ ಮಾಡಿದೆ.

ಇನ್ನೊಂದು ನೆನಪಾಯಿತು. ಚರ್ಚಿನಲ್ಲಿ ಒಂದು ಹಳೇ ಉಪಮೆ ಹೇಳುತ್ತಾರೆ: ನಾವು ನೋಡೋದು ಬಟ್ಟೆಯ ಹಿಂಬದಿ, ಬರೀ ಗಂಟು, ದೇವರು ನೋಡೋದು ಮುಂಬದಿ, ಚೆಂದದ ಚಿತ್ತಾರ. ನೇಕಾರರ ಊರಲ್ಲಿ ಇದನ್ನು ಹೇಳಬಾರದು. ಅಪ್ಪ ಒಮ್ಮೆ ನಕ್ಕುಬಿಟ್ಟಿದ್ದರು. "ನೇಯುವವಗ ಹಿಂದೂ ಗೊತ್ತಿರತೈತಿ, ಮುಂದೂ ಗೊತ್ತಿರತೈತಿ. ನೂಲು ಹರೀತಂದ್ರ ಮಗ್ಗ ನಿಲ್ಲಿಸಿ ಗಂಟು ಹಾಕೂದು. ಅಷ್ಟ ಕೆಲಸ." ಎಲ್ಲ ಒಳ್ಳೆಯದಕ್ಕೇ ಆಯಿತು ಅನ್ನುವವರನ್ನು ಕಂಡಾಗ ನನಗೆ ಅಪ್ಪನ ಮಾತೇ ನೆನಪಾಗುತ್ತದೆ. ನಮ್ಮವರ ಕಿಡ್ನಿ ಹೋಗಿದ್ದು ಒಳ್ಳೆಯದಕ್ಕೆ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಅವರು 2020ರ ನವೆಂಬರಿನಲ್ಲಿ ಹೋದರು. ಆಮೇಲೆ ಒಂದು ವರ್ಷ ಚರ್ಚಿನಲ್ಲಿ ಎಲ್ಲರ ಜೊತೆ ನಿಲ್ಲುತ್ತಿದ್ದೆ, ಬಾಯಿ ತೆರೆದು ಹಾಡುತ್ತಿರಲಿಲ್ಲ. ಸತ್ತವರು ಏಳುತ್ತಾರೆ ಅನ್ನುವುದು ನಮ್ಮ ನಂಬಿಕೆಯ ಬುಡ. ನಾನೂ ನಂಬುತ್ತೇನೆ. ಈಸ್ಟರ್ ದಿನ ನಸುಕಿನಲ್ಲಿ ಅವರ ಸಮಾಧಿ ಹತ್ತಿರ ನಿಂತಾಗ ಅದು ನಿಜ ಅನ್ನಿಸುತ್ತದೆ. ಮರುದಿನ ಹೊಲಿಗೆ ಮಷೀನಿನ ಮುಂದೆ ಕೂತಾಗ ಅಷ್ಟು ನಿಜ ಅನ್ನಿಸುವುದಿಲ್ಲ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ.

ಹಾಗಂತ ಕ್ರೈಸ್ತರೇ ಕಷ್ಟ ಚೆನ್ನಾಗಿ ತಾಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಮನೆಯ ಅಕ್ಕ ಲಿಂಗಾಯತರು. ಡಯಾಲಿಸಿಸ್ ದಿನ ನಾವು ಬರುವಷ್ಟರಲ್ಲಿ ರೊಟ್ಟಿ, ಉಪ್ಪು ಕಮ್ಮಿ ಹಾಕಿದ ಪಲ್ಯ ಕಟ್ಟೆಯ ಮೇಲೆ ಇರುತ್ತಿತ್ತು. ಉಪ್ಪು ತಿಂದರೆ ನೀರಡಿಕೆ ಜಾಸ್ತಿ ಅಂತ ಯಾರೋ ಹೇಳಿದ್ದನ್ನು ಅವರು ಮರೆಯಲೇ ಇಲ್ಲ. ಮೂರು ವರ್ಷ. ಒಂದು ದಿನವೂ ಹಣೆಬರಹದ ಮಾತು ಆಡಲಿಲ್ಲ.

ನಿಮ್ಮ ಗೆಳೆಯ ಅಳುತ್ತಿಲ್ಲ ಅಂದಿರಿ. ಆಫೀಸಿನಲ್ಲಿ ಅಳುತ್ತಿಲ್ಲ, ಅಷ್ಟೇ ಇರಬಹುದು. ಯೋಬನ ಗೆಳೆಯರು ಮೊದಲ ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಕೆಟ್ಟಿದ್ದು ಬಾಯಿ ತೆರೆದ ಮೇಲೆ. ನಿಮ್ಮ ಗೆಳೆಯನ ಮನೆಯಲ್ಲಿ ತಮ್ಮನ ನೆನಪಿಗೆ ಪ್ರಾರ್ಥನೆ ಇಟ್ಟುಕೊಂಡಿದ್ದರೆ ಹೋಗಿ ಬನ್ನಿ. ನಿಮ್ಮನ್ನು ಯಾರೂ ಹಾಡು ಅನ್ನುವುದಿಲ್ಲ, ಹಿಂದೆ ಕೂತರೆ ಸಾಕು. ಮುಗಿದ ಮೇಲೆ ಚಹಾ, ಚೂಡಾ ಕೊಡುತ್ತಾರೆ. ಬೇಡ ಅನ್ನಬೇಡಿ.