ಲೆಂಟ್ ಉಪವಾಸಕ್ಕೂ ಹೊರಗಿನವರಿಗೂ ಏನು ಸಂಬಂಧ?

ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ಕಾಲವಾದ ಲೆಂಟ್‌ನಲ್ಲಿ ಉಪವಾಸ, ಪ್ರಾರ್ಥನೆ ಸರಿ, ಆದರೆ ಸಹಾಯವನ್ನು ನಮ್ಮ ಚರ್ಚಿನ ಸಭೆಯವರಿಗೆ ಮಾಡಿದರೆ ಸಾಲದಾ, ಹೊರಗಿನವರು ಯಾಕೆ ಬರಬೇಕು ಅಂತ ಕೇಳಿದ್ದೀರಿ. ಸಾಲದು ಅಂತಲೇ ನಾನು ನಂಬಿದ್ದೇನೆ.

ಲೆಂಟ್ ಅಂದರೆ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ. ಪ್ರಾರ್ಥನೆ, ಉಪವಾಸ, ದಾನ ಮೂರೂ ಒಟ್ಟಿಗೇ ನಡೆಯಬೇಕು. ಉಪವಾಸದಿಂದ ಉಳಿದದ್ದನ್ನು ವಿಧವೆಗೋ ಅನಾಥರಿಗೋ ಕೊಡಬೇಕು ಅನ್ನುವ ಮಾತು 2ನೇ ಶತಮಾನದ ಕ್ರೈಸ್ತ ಬರಹದಲ್ಲೇ ಇದೆ. ಊಟ ಬಿಟ್ಟು ಆ ದುಡ್ಡನ್ನು ಜೇಬಲ್ಲೇ ಇಟ್ಟುಕೊಂಡರೆ ಅದು ಬರೀ ಉಳಿತಾಯ, ಅಲ್ವಾ?

ಬೈಬಲ್‌ನಲ್ಲಿ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದಿ ನೋಡಿ. ಬೂದಿ ಬುಧವಾರ ಕಳೆದ ಶುಕ್ರವಾರ ಕಥೋಲಿಕ ಚರ್ಚುಗಳಲ್ಲಿ ಓದುವುದು ಅದನ್ನೇ. ಜನ ಗೋಣಿತಟ್ಟು ಹಾಸಿಕೊಂಡು, ತಲೆ ಬಗ್ಗಿಸಿಕೊಂಡು ಉಪವಾಸ ಕೂತಿದ್ದಾರೆ. ಅದೇ ದಿನ ತಮ್ಮ ಕೆಲಸದಾಳುಗಳನ್ನು ಹಿಂಡುತ್ತಿದ್ದಾರೆ. ದೇವರಿಗೆ ಆ ಉಪವಾಸ ಬೇಡ. ಹಸಿದವನ ಜೊತೆ ಹಂಚಿಕೊಂಡು ತಿನ್ನಿ, ನೆಲೆ ಇಲ್ಲದವನನ್ನು ಮನೆಯೊಳಗೆ ಕರೆಯಿರಿ, ಇದೇ ನನಗೆ ಬೇಕಾದ ಉಪವಾಸ ಅನ್ನುತ್ತಾನೆ. ಉಪವಾಸದ ದಿನ ಮನೆ ಕೆಲಸದವರ ಜೊತೆ, ಕಾವಲುಗಾರರ ಜೊತೆ ಹೇಗೆ ಮಾತಾಡುತ್ತೇವೆ, ಅವರ ಸಂಬಳ ಸರಿಯಾಗಿ ಕೊಟ್ಟಿದ್ದೇವಾ ಅನ್ನುವುದೂ ಇದರಲ್ಲಿ ಬಂತು.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಹತ್ತಿರವಾದದ್ದು ಯೋಹಾನನ ಸುವಾರ್ತೆಯ ಬಾವಿಯ ಪ್ರಸಂಗ. ಮಧ್ಯಾಹ್ನದ ಹೊತ್ತು. ಯೇಸು ನಡೆದು ದಣಿದು ಕೂತಿದ್ದಾರೆ, ಸೇದಲು ಕೈಯಲ್ಲಿ ಏನೂ ಇಲ್ಲ. ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬರುತ್ತಾಳೆ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅಂಥವಳ ಹತ್ತಿರ ಯೇಸು ಮೊದಲು ಏನನ್ನೂ ಕೊಡಲಿಲ್ಲ, ಕುಡಿಯೋಕೆ ನೀರು ಕೇಳಿದರು. ಅವಳೇ ಬೆರಗಾಗಿ, ನೀನು ನನ್ನ ಹತ್ತಿರ ಕೇಳುವುದಾ ಅನ್ನುತ್ತಾಳೆ. ಆಮೇಲೆ ಅವಳು ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿ ಜನರನ್ನು ಕರೆತರುತ್ತಾಳೆ.

ನಾವು ಇದನ್ನೇ ಮರೆಯುತ್ತೇವೆ. ಕೊಡುವವರ ಜಾಗದಲ್ಲಿ ಯಾವಾಗಲೂ ನಾವೇ ಇರಬೇಕು ಅಂದುಕೊಳ್ಳುತ್ತೇವೆ. ಸುಮ್ನೆ ಪೊಟ್ಟಣ ಕೈಗಿಟ್ಟು, ಫೋಟೋ ತೆಗೆದು ಬಂದರೆ ಆ ಮನುಷ್ಯ ಹೊರಗಿನವನಾಗಿಯೇ ಉಳಿಯುತ್ತಾನೆ. ಅವನ ಕೈಯಿಂದಲೂ ಏನಾದರೂ ತೆಗೆದುಕೊಳ್ಳಬೇಕು: ಒಂದು ಲೋಟ ನೀರು, ಒಂದು ಸಲಹೆ.

2013ರಲ್ಲಿ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ಪವಿತ್ರ ಗುರುವಾರ, ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಆಗಿನ ಚರ್ಚಿನ ನಿಯಮದಲ್ಲಿ ಗಂಡಸರ ಕಾಲು ತೊಳೆಯುವುದಷ್ಟೇ ಇತ್ತು, ಹಾಗಾಗಿ ಕೆಲವರಿಗೆ ಹಿಡಿಸಲಿಲ್ಲ. 2016ರಲ್ಲಿ ನಿಯಮವೇ ಬದಲಾಯಿತು. ಅವರು ಮಾಡಿದ್ದು ಸರಿ ಅಂತ ನನಗೆ ಯಾವ ಅನುಮಾನವೂ ಇಲ್ಲ.

ನಿಮ್ಮ ಸಭೆಯವರಿಗೆ ಮಾಡುತ್ತಿರುವುದನ್ನು ನಿಲ್ಲಿಸಬೇಡಿ. ಅದರ ಜೊತೆಗೆ, ದಿನವೂ ಕಾಣುವ, ಆದರೆ ಹೆಸರೂ ಗೊತ್ತಿಲ್ಲದ ಒಬ್ಬರನ್ನು ಈ ಸಲ ಮಾತಾಡಿಸಿ. ಮೊದಲು ಹೆಸರು ಕೇಳಿ. ಏನು ಬೇಕು ಅನ್ನುವುದನ್ನು ಅವರೇ ಹೇಳಲಿ.