ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ ಕನ್ನಡದ ಕೆಲಸ ನಡೆಯುತ್ತದೆಯೇ?

ನೀವು ಕೇಳಿರುವುದು ಇಷ್ಟು: ಹತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ, ಅದರಲ್ಲಿ ವಿಂಡೋಸ್ 11 ಕೂರುವುದಿಲ್ಲ. ಹೊಸದು ಕೊಳ್ಳಬೇಕೇ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕಿಕೊಳ್ಳಬೇಕೇ? ಹಾಕಿಕೊಂಡರೆ ಕನ್ನಡ ಟೈಪಿಂಗ್‌ಗೆ ತೊಂದರೆಯಾಗುತ್ತದೆಯೇ? ಬಳಸಿ ನೋಡಿದವರು ಹೇಳಿ.

ಬಳಸಿ ನೋಡಿದವಳಾಗಿ ಹೇಳುತ್ತೇನೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಹದಿನೆಂಟು ವರ್ಷಗಳಿಂದ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಬಂಧ, ಕಚೇರಿಗಳಿಗೆ ಕೊಡುವ ಅರ್ಜಿ, ಇವೇ ನಮ್ಮ ಅನ್ನ. ಅಂಗಡಿಯಲ್ಲಿ ಮೂರು ಕಂಪ್ಯೂಟರ್‌ಗಳಿವೆ. ಎರಡನ್ನು ಲಿನಕ್ಸ್ ಮಿಂಟ್‌ಗೆ ಬದಲಾಯಿಸಿದ್ದೇನೆ, ಮೂರನೆಯದನ್ನು ವಿಂಡೋಸ್ 10ರಲ್ಲೇ ಉಳಿಸಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಧೈರ್ಯವಾಗಿ ಬದಲಾಯಿಸಿ, ಆದರೆ ಅದಕ್ಕೂ ಮೊದಲು ನಿಮ್ಮ ಹಳೆಯ ಕನ್ನಡ ಕಡತಗಳನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ವ್ಯವಸ್ಥೆಗೆ, ತಂದುಕೊಳ್ಳಿ. ಲಿನಕ್ಸ್ ಕಲಿಯಲು ನನಗೆ ಒಂದು ವಾರ ಹಿಡಿಯಿತು. ಹಳೆಯ ಕಡತಗಳನ್ನು ಸರಿಪಡಿಸಲು ಮೂರು ತಿಂಗಳು ಹಿಡಿಯಿತು.

ವಿಂಡೋಸ್ 10ಕ್ಕೆ ಉಚಿತ ಭದ್ರತಾ ನವೀಕರಣ ನಿಂತದ್ದು 2025ರ ಅಕ್ಟೋಬರ್ 14ರಂದು. ಆ ಮೇಲೂ ಕಂಪ್ಯೂಟರ್ ಎಂದಿನಂತೆ ನಡೆಯುತ್ತದೆ, ಅದೇನೂ ಕೆಟ್ಟು ನಿಲ್ಲುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವುದಿಲ್ಲ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ ನವೀಕರಣ ಪಡೆಯಬಹುದು ಎಂದು ಮೈಕ್ರೋಸಾಫ್ಟ್ ಘೋಷಿಸಿದೆ. ಅವಸರವಿಲ್ಲದವರು ಆ ಕಾಲಾವಕಾಶವನ್ನು ಬಳಸಿಕೊಳ್ಳಬಹುದು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ನನ್ನ ಎರಡು ಯಂತ್ರಗಳದ್ದು ನಾಲ್ಕನೆಯ ತಲೆಮಾರು. ನಿಮ್ಮದೂ ಹೆಚ್ಚು ಕಡಿಮೆ ಅದೇ ಕಾಲದ್ದಿರಬೇಕು.

ನಾನು ವಿಚಾರಿಸಿದ ಒಂದು ಅಂಗಡಿಯವರು, ‘ಇವನ್ನು ಗುಜರಿಗೆ ಹಾಕಿ, ಹೊಸದು ತೆಗೆದುಕೊಳ್ಳಿ’ ಎಂದರು. ಎರಡು ಹೊಸ ಯಂತ್ರಗಳಿಗೆ ಅವರು ಹೇಳಿದ ಬೆಲೆ ಕೇಳಿ ಸುಮ್ಮನೆ ಎದ್ದು ಬಂದೆ. ಪರದೆ ಚೆನ್ನಾಗಿದೆ, ಕೀಲಿಮಣೆ ಚೆನ್ನಾಗಿದೆ, ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಹತ್ತು ಬೇಸಿಗೆ ದುಡಿದ ಯಂತ್ರಗಳು ಅವು. ದುಡಿಯುವ ಎತ್ತನ್ನು ಹೊಸ ಎತ್ತು ಬಂತೆಂದು ಯಾರೂ ಕಟುಕನಿಗೆ ಕೊಡುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಎಂಬ ಡಿಸ್ಕ್ ಹಾಕಿಸಿದೆ, ಒಂದಕ್ಕೆ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ. ನೀವು ಹಣ ಖರ್ಚು ಮಾಡುವುದಾದರೆ ಮೊದಲು ಇದಕ್ಕೆ ಮಾಡಿ. ಯಾವ ಕಾರ್ಯವ್ಯವಸ್ಥೆ ಹಾಕಿದರೂ ಇದರ ಫಲ ಸಿಗುತ್ತದೆ.

ಲಿನಕ್ಸ್‌ನಲ್ಲಿ ಬಗೆಗಳು ಹಲವು. ನಾನು ಮಿಂಟ್ ಆರಿಸಿಕೊಂಡದ್ದು ಅದರ ಮುಖ ವಿಂಡೋಸ್‌ನಂತೆಯೇ ಇರುವುದರಿಂದ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ನಮ್ಮಲ್ಲಿ ಕೆಲಸ ಕಲಿಯುವ ಆಳಂದದ ಹುಡುಗಿ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ, ‘ಅಕ್ಕಾ, ಬ್ರೌಸರ್ ಎಲ್ಲಿದೆ?’ ತೋರಿಸಿದೆ. ಮತ್ತೆ ಏನನ್ನೂ ಕೇಳಲಿಲ್ಲ. ಮೊಬೈಲಿನಲ್ಲೇ ಬೆಳೆದ ಮಕ್ಕಳಿಗೆ ಇದು ಒಂದು ದೊಡ್ಡ ವಿಷಯವೇ ಅಲ್ಲ. ಮಿಂಟ್ 22, ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅದಕ್ಕೆ ನವೀಕರಣ ಬರುತ್ತದೆ. ಹಣ ಕೊಡಬೇಕಾಗಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ, ಅದು ಹಗುರ. 8 ಜಿಬಿ ಇದ್ದರೆ ಸಿನಮನ್ ಆವೃತ್ತಿ ನೋಡಲು ಚೆಂದ.

ಇನ್ನು ಕನ್ನಡದ ವಿಚಾರ. ನಿಮ್ಮ ಪ್ರಶ್ನೆಯ ಜೀವ ಇಲ್ಲೇ ಇದೆ, ನನಗೂ ನಿದ್ದೆ ಕೆಡಿಸಿದ್ದು ಇದೇ.

ನನ್ನ ಬೆರಳುಗಳಿಗೆ ಗೊತ್ತಿರುವುದು ಒಂದೇ ಕೀಲಿಮಣೆ, ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವ ವಿನ್ಯಾಸ. ಲಿನಕ್ಸ್‌ನಲ್ಲಿ ನುಡಿ ಇಲ್ಲದಿದ್ದರೆ ನಾನು ಮತ್ತೆ ಒಂದನೆಯ ತರಗತಿಗೆ ಹೋಗಿ ಕೂರಬೇಕಲ್ಲ ಎಂಬ ಭಯವಿತ್ತು. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹಲವು ಭಾಷೆಗಳ ಕೀಲಿಮಣೆಗಳಿರುವ ಐಬಸ್-ಎಂ17ಎನ್ ಎಂಬುದನ್ನು ಹುಡುಕಿ ಹಾಕಿಕೊಂಡೆ. ಲಾಗ್‌ಔಟ್ ಆಗಿ ಮರಳಿ ಬಂದು, ಐಬಸ್‌ನ ಆಯ್ಕೆಗಳಲ್ಲಿ ಕನ್ನಡ ತೆರೆದರೆ ಅದರ ಅಡಿಯಲ್ಲಿ ಕೆಜಿಪಿ ಎಂಬ ಹೆಸರು ಕಂಡಿತು. ಅದನ್ನು ಆರಿಸಿ, ಖಾಲಿ ಪುಟವೊಂದನ್ನು ತೆರೆದು, ಕಣ್ಣು ಕೀಲಿಮಣೆಯತ್ತ ಹೊರಳಿಸದೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದೆ. ಪರದೆಯ ಮೇಲೆ ‘ಕನ್ನಡ’ ಎಂದು ಮೂಡಿತು. ಎಫ್ ಒತ್ತಿದಾಗ ಅರ್ಧಾಕ್ಷರ, ಡಬ್ಲ್ಯೂ ಒತ್ತಿದಾಗ ಡ, ಹದಿನೆಂಟು ವರ್ಷ ಹೇಗಿತ್ತೋ ಹಾಗೆಯೇ. ಆಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಂಗ್ಲಿಷ್‌ಗೂ ಕನ್ನಡಕ್ಕೂ ಬದಲಾಯಿಸಲು ವಿಂಡೋಸ್ ಚಿಹ್ನೆ ಇರುವ ಕೀಲಿಯ ಜೊತೆ ಸ್ಪೇಸ್ ಒತ್ತಬೇಕು, ಅಷ್ಟೇ.

ಆ ಸಂತೋಷ ಮರುದಿನ ಮಧ್ಯಾಹ್ನದವರೆಗೆ ಇತ್ತು. ಹಳೆಯ ಗಿರಾಕಿಯೊಬ್ಬರು ಬಂದು, ‘ಅಕ್ಕಾವರೇ, ಅಣ್ಣನ ಮಗಳ ಪತ್ರಿಕೆ ನೀವೇ ಮಾಡಿದ್ದಿರಿ, ಅದೇ ಮಾದರಿಯಲ್ಲಿ ಹೆಸರು ಬದಲಿಸಿ ಕೊಡಿ’ ಎಂದರು. ಕಡತ ತೆರೆದೆ. ಅದರಲ್ಲಿ ಕನ್ನಡವೇ ಇರಲಿಲ್ಲ. ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ಪಿ, ‘ನ’ ಇರಬೇಕಾದ ಕಡೆ ಪೌಂಡ್ ಚಿಹ್ನೆ, ಪ್ರತಿ ಅಕ್ಷರದ ಬೆನ್ನಿಗೂ ನೆತ್ತಿಯ ಮೇಲೆ ಗೀಟಿರುವ ಒಂದು ಎ. ‘ಶ್ರೀ ಗಣೇಶಾಯ ನಮಃ’ ಎಂದು ಇರಬೇಕಾದ ಸಾಲನ್ನು ನೋಡಿ ಗಿರಾಕಿಯ ಮುಖ ಬಾಡಿತು, ನನ್ನದೂ ಬಾಡಿತು.

ಹೀಗೇಕೆ ಆಗುತ್ತದೆ ಎಂದು ತಿಳಿದುಕೊಳ್ಳಿ, ಮುಂದೆ ನಿಮಗೆ ಬೇಕಾಗುತ್ತದೆ. ನುಡಿಯ ಹಳೆಯ ಫಾಂಟ್‌ಗಳು, ಡಿಟಿಪಿಯವರು ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶದಲ್ಲಿ ಬಳಸುತ್ತಿದ್ದ ಫಾಂಟ್‌ಗಳು, ಇವೆಲ್ಲ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದವು. ಕಂಪ್ಯೂಟರ್ ಮಟ್ಟಿಗೆ ಅಲ್ಲಿ ಇರುವುದು ಪಿ ಮತ್ತು ಪೌಂಡ್ ಚಿಹ್ನೆಯೇ, ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ‘ಕ’ಗೆ ಕನ್ನಡದ್ದೇ ಆದ ಸ್ವಂತ ಸಂಖ್ಯೆ ಇದೆ. ಯಾವ ಕಂಪ್ಯೂಟರಿಗೆ, ಯಾವ ಮೊಬೈಲಿಗೆ ಹೋದರೂ ಅದು ‘ಕ’ವೇ. ನೀವು ಈ ಉತ್ತರವನ್ನು ಓದುತ್ತಿರುವುದೂ ಅದರ ಬಲದಿಂದಲೇ.

ಆ ಫಾಂಟ್‌ಗಳನ್ನು ಲಿನಕ್ಸ್‌ಗೆ ನಕಲಿಸಿದರೆ ಹಳೆಯ ವರ್ಡ್ ಕಡತಗಳು ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ. ತುರ್ತಿಗೆ ನಾನೂ ಹಾಗೆ ಮಾಡಿದೆ. ಆದರೆ ಅದರಲ್ಲೇ ಮುಂದುವರಿಯಬೇಡಿ. ಆ ಬರಹದಲ್ಲಿ ಒಂದು ಪದ ಹುಡುಕಲು ಆಗುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಆಗುವುದಿಲ್ಲ, ಹೊಸ ಕೀಲಿಮಣೆಯಿಂದ ಟೈಪ್ ಮಾಡಿದ ಸಾಲು ಅದರ ಜೊತೆ ಹೊಂದುವುದಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದರ ಮೇಲೆ ಇನ್ನೂ ಎಷ್ಟು ದಿನ ಜೋತು ಬೀಳುತ್ತೀರಿ?

ನಾನು ಮಾಡಿದ್ದು ಇಷ್ಟು. ವಿಂಡೋಸ್ ಇರುವ ಮೂರನೆಯ ಯಂತ್ರದಲ್ಲಿ ಒಂದೊಂದೇ ಕಡತ ತೆರೆದು, ಬರಹವನ್ನು ಪರಿವರ್ತಕದಲ್ಲಿ ಹಾಕಿ, ಯುನಿಕೋಡ್ ಮಾಡಿ, ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಉಳಿಸಿದೆ. ‘ಬರಹ’ ಎಂಬ ಹೆಸರಿನ ತಂತ್ರಾಂಶದಲ್ಲಿ ಪರಿವರ್ತಕವಿದೆ, ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತವೆ. ಪರಿವರ್ತಕವನ್ನು ಕುರುಡಾಗಿ ನಂಬಬೇಡಿ. ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಪ್ರೂಫ್ ನೋಡುವಂತೆ ಕೂತು ನೋಡಬೇಕು. ಬರಹದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತದೆ. ಪದವಿ, ಊರು, ಮನೆತನದ ಹೆಸರು ಇರುವ ಲಗ್ನಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೂ ನಮ್ಮ ಮರ್ಯಾದೆ ಹೋಗುತ್ತದೆ. ನನ್ನ ಬಳಿ ಇದ್ದ ಎಲ್ಲವನ್ನೂ ಮಾಡಲಿಲ್ಲ, ಮಾಡಬೇಕಾಗಿಯೂ ಇಲ್ಲ. ಮತ್ತೆ ಮತ್ತೆ ಕೇಳಿಬರುವ ಮಾದರಿಗಳನ್ನು ಮಾಡಿದೆ, ಉಳಿದವನ್ನು ಪಿಡಿಎಫ್ ಮಾಡಿ ಇಟ್ಟೆ.

ಅರ್ಕಾವತ್ತಿನ ಮಾತು ಬಂದದ್ದರಿಂದ ಒಂದು ಅನುಭವ ಹೇಳಲೇಬೇಕು, ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದಾಗ ಒಂದು ಕೋಚಿಂಗ್ ಕೇಂದ್ರದವರು ಫ್ಲೆಕ್ಸ್ ಮಾಡಿಸಲು ಬಂದರು. ದೊಡ್ಡ ಅಕ್ಷರದಲ್ಲಿ ‘ರ‍್ಯಾಂಕ್ ವಿಜೇತರು’ ಎಂದು ಬರಬೇಕು. ನಾನು ಟೈಪ್ ಮಾಡಿದರೆ ‘ರ್ಯಾಂಕ್’ ಎಂದು ‘ಯಾ’ದ ಪಕ್ಕದಲ್ಲಿ ಅರ್ಕಾವತ್ತು ಬರುತ್ತಿದೆ. ಸೂರ್ಯ, ಕಾರ್ಯ ಎಂಬಲ್ಲಿ ಅದು ಸರಿ, ಇಲ್ಲಿ ಸರಿಯಲ್ಲ. ಯುನಿಕೋಡ್‌ನಲ್ಲಿ ರ, ಅರ್ಧಾಕ್ಷರ, ಯ ಮೂರೂ ಸೇರಿದರೆ ಅರ್ಕಾವತ್ತೇ ಆಗುತ್ತದೆ. ಅದನ್ನು ತಪ್ಪಿಸಲು ರ ಆದ ಕೂಡಲೇ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದನ್ನು ಸೇರಿಸಬೇಕು. ಲಿಬ್ರೆಆಫೀಸ್‌ನಲ್ಲಿ ರ ಬರೆದು, ಇಂಗ್ಲಿಷ್‌ಗೆ ಬಂದು 200ಡಿ ಎಂದು ಹೊಡೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಆ ಅಂಕೆ ಮಾಯವಾಗಿ ಜೋಡಕ ಕೂರುತ್ತದೆ, ಆಮೇಲೆ ಅರ್ಧಾಕ್ಷರ ಮತ್ತು ಯ. ಇದನ್ನು ಕಂಡುಹಿಡಿಯಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಈಗ ರ‍್ಯಾಂಕ್, ರ‍್ಯಾಲಿ, ರ‍್ಯಾಮ್ ಎಂಬ ಪದಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟುಕೊಂಡಿದ್ದೇವೆ, ಬೇಕಾದಾಗ ನಕಲಿಸುತ್ತೇವೆ.

ಫಾಂಟ್‌ಗಳ ಬಗ್ಗೆ ಹೇಳುವುದಾದರೆ, ಲೋಹಿತ್, ಗುಬ್ಬಿ, ನವಿಲು, ನೋಟೊ ಎಲ್ಲವೂ ಉಚಿತವಾಗಿ ಸಿಗುತ್ತವೆ. ಪ್ರಬಂಧಕ್ಕೆ, ಅರ್ಜಿಗೆ ಇವು ಧಾರಾಳ ಸಾಕು. ಲಗ್ನಪತ್ರಿಕೆಯ ತಲೆಬರಹಕ್ಕೆ ಬೇಕಾದ ಬಾಗು ಬಳುಕಿನ ಅಕ್ಷರಗಳು ಯುನಿಕೋಡ್‌ನಲ್ಲಿ ಇನ್ನೂ ಕಡಿಮೆ, ಈ ಕೊರತೆ ನನಗೆ ದಿನವೂ ಚುಚ್ಚುತ್ತದೆ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಅದರ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಮುರಿದು ಬೀಳುತ್ತಿತ್ತು, 1.6ರಲ್ಲಿ ಸರಿಯಾಗಿ ಕೂರುತ್ತದೆ. ಕಾರ್ಡುಗಳಿಗೆ ನಾನು ಇಂಕ್‌ಸ್ಕೇಪ್ ಎಂಬ ಚಿತ್ರ ವಿನ್ಯಾಸದ ತಂತ್ರಾಂಶ ಬಳಸುತ್ತೇನೆ.

ಈಗ ಮೂರನೆಯ ಯಂತ್ರದ ಕಥೆ. ನಮ್ಮೂರಿನಲ್ಲಿ ಕನ್ನಡದ ಪತ್ರಿಕೆ ಮಾತ್ರ ಮಾಡುತ್ತೇನೆಂದರೆ ಅಂಗಡಿ ನಡೆಯುವುದಿಲ್ಲ, ಉರ್ದು ಬೇಕೇ ಬೇಕು. ವಾರದಲ್ಲಿ ಎರಡು ಸಂಜೆ ಒಬ್ಬ ಚಾಚಾ ಬಂದು ಉರ್ದು ಕೆಲಸ ಮಾಡಿಕೊಡುತ್ತಾರೆ. ಅವರ ಕೈ ಪಳಗಿರುವುದು ಇನ್‌ಪೇಜ್‌ನಲ್ಲಿ, ಅದು ವಿಂಡೋಸ್‌ನ ತಂತ್ರಾಂಶ. ಲಿನಕ್ಸ್‌ನಲ್ಲಿ ನಸ್ತಾಲೀಕ್ ಎಂಬ ಉರ್ದು ಬರವಣಿಗೆ ಶೈಲಿಯ ಫಾಂಟ್ ಹಾಕಿ, ಲಿಬ್ರೆಆಫೀಸ್‌ನಲ್ಲಿ ನಾಲ್ಕು ಸಾಲು ಬರೆದು ತೋರಿಸಿದೆ. ಚಾಚಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಬೇಟಿ, ಅಕ್ಷರ ಸರಿಯಾಗಿದೆ, ಆದರೆ ಸಾಲು ಉಸಿರಾಡುತ್ತಿಲ್ಲ’ ಎಂದರು. ಪದಗಳ ನಡುವಿನ ಜಾಗ, ಮೇಲಿನಿಂದ ಕೆಳಕ್ಕೆ ಇಳಿಯುವ ಓಟ, ಅವರ ಕಣ್ಣಿಗೆ ಕಂಡದ್ದು ನನಗೆ ಕಾಣಲಿಲ್ಲ. ಆದರೆ ಐವತ್ತು ವರ್ಷ ಆ ಲಿಪಿಯ ಜೊತೆ ಬದುಕಿದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಯಂತ್ರವನ್ನು ಅವರಿಗಾಗಿ ಹಾಗೆಯೇ ಉಳಿಸಿದೆ, ಅಂತರ್ಜಾಲದ ತಂತಿ ಕಿತ್ತಿಟ್ಟಿದ್ದೇನೆ. ಕಡತಗಳು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತವೆ, ಪೆನ್‌ಡ್ರೈವ್ ಮೊದಲು ಲಿನಕ್ಸ್ ಯಂತ್ರದಲ್ಲಿ ತೆರೆಯಬೇಕೆಂದು ನಿಯಮ ಮಾಡಿಕೊಂಡಿದ್ದೇವೆ.

ಪ್ರಿಂಟರ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ, ನೀವು ತಿನ್ನಬೇಡಿ. ನಮ್ಮ ಎರಡು ಪ್ರಿಂಟರ್‌ಗಳಲ್ಲಿ ಒಂದನ್ನು ಮಿಂಟ್ ತಾನೇ ಗುರುತಿಸಿ ಎರಡು ನಿಮಿಷದಲ್ಲಿ ಮುದ್ರಿಸಿತು. ಇನ್ನೊಂದು, ಹಳೆಯ ಲೇಸರ್ ಪ್ರಿಂಟರ್, ಮೂರು ದಿನ ಹೆಣಗಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಅದನ್ನು ಚಾಚಾ ಅವರ ಯಂತ್ರಕ್ಕೇ ಕಟ್ಟಿದೆ. ಬೆರಳಚ್ಚು ತೆಗೆದುಕೊಳ್ಳುವ ಸಾಧನ, ಡಿಜಿಟಲ್ ಸಹಿಯ ಟೋಕನ್ ಬಳಸುವವರಾದರೆ ಅದನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮ ಬಳಿಯಿರುವ ಬೆರಳಚ್ಚು ಸಾಧನಕ್ಕೆ ಇಲ್ಲ.

ಇದನ್ನೆಲ್ಲ ನೋಡಲು ಏನನ್ನೂ ಅಳಿಸಬೇಕಾಗಿಲ್ಲ ಎಂಬುದೇ ದೊಡ್ಡ ಅನುಕೂಲ. ಮಿಂಟ್ ಅನ್ನು 8 ಜಿಬಿಯ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಬಹುದು. ನಿಮ್ಮ ವಿಂಡೋಸ್ ಇದ್ದಲ್ಲೇ ಇರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಎಫ್12 ಅಥವಾ ನಿಮ್ಮ ಯಂತ್ರದ ಬೂಟ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನವಿರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಒಂದು ಹಾಳೆ ಉಗುಳುತ್ತದೆಯೇ ಎಂದು ಮಾತ್ರ ನೋಡಿ. ಹಾಕಿಕೊಳ್ಳುವ ದಿನ ಎಲ್ಲ ಕಡತಗಳ ನಕಲು ಹೊರಗಿನ ಡಿಸ್ಕ್‌ನಲ್ಲಿ ಇರಲಿ, ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರುಮಾಡಿ. ನಾನು ಬೆಳಗಿನ ಐದು ಗಂಟೆಗೆ ಕೂತೆ, ರೊಟ್ಟಿ ಬಡಿಯುವ ಹೊತ್ತಿಗೆ ಒಂದು ಯಂತ್ರ ಮುಗಿದಿತ್ತು.

ಹೊಸದು ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಿಮ್ಮದು ಟೈಪಿಂಗ್, ಅಂತರ್ಜಾಲ, ಲೆಕ್ಕಪತ್ರ ಇಷ್ಟೇ ಆದರೆ ಕೊಳ್ಳಬೇಡಿ. ಫೋಟೋಶಾಪ್, ಕೋರೆಲ್‌ಡ್ರಾ ಇಲ್ಲದೆ ಒಂದು ದಿನವೂ ನಡೆಯದು ಎನ್ನುವುದಾದರೆ ವಿಂಡೋಸ್ 11 ಇರುವ ಒಂದು ಯಂತ್ರ ಕೊಳ್ಳುವುದೇ ಸರಿ, ಅದಕ್ಕೆ ಲಿನಕ್ಸ್‌ನಲ್ಲಿ ಅಡ್ಡದಾರಿ ಹುಡುಕಿ ಸಮಯ ಕಳೆಯಬೇಡಿ. ನಿಮ್ಮ ಪ್ರಿಂಟರ್‌ನ ಮಾದರಿ ಸಂಖ್ಯೆ, ರ‍್ಯಾಮ್ ಎಷ್ಟಿದೆ, ಹಳೆಯ ಕಡತಗಳು ಯಾವ ಫಾಂಟ್‌ನಲ್ಲಿವೆ, ಈ ಮೂರನ್ನು ಇಲ್ಲೇ ಕೆಳಗೆ ಬರೆಯಿರಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಉತ್ತರಿಸುತ್ತೇನೆ.